ಒಳಗೇನಿದೆ? ಪಾರ್ಸೆಲ್ ಕಟ್ಟುವವರಿಗೆ ಹನ್ನೆರಡು ಸೂತ್ರ

ಸಿಯಾಟಲ್‌ನಲ್ಲಿರುವ ತಂಗಿಗೆ ನಾವು ಕಳಿಸಿದ ಮೊದಲ ಪಾರ್ಸೆಲ್ ತಲುಪಿದಾಗ ಅದರಲ್ಲಿ ಒಂದು ಚೀಟಿ ಹೆಚ್ಚಿತ್ತು, ಒಂದು ಪೊಟ್ಟಣ ಕಡಿಮೆಯಿತ್ತು. ಚೀಟಿ ಅಲ್ಲಿನ ಕಸ್ಟಮ್ಸ್‌ನವರದು. ಇಲ್ಲದ ಪೊಟ್ಟಣ, ಅಮ್ಮ ನೆರಳಲ್ಲಿ ಒಣಗಿಸಿ ಪೇಪರಿನಲ್ಲಿ ಸುತ್ತಿಟ್ಟ ಕರಿಬೇವಿನದು. "ಅಷ್ಟು ದೊಡ್ಡ ದೇಶಕ್ಕೆ ನಮ್ಮ ಕರಿಬೇವು ಕದಿಯೋ ಗತಿ ಬಂತಾ?" ಎಂದು ಅಮ್ಮ ಒಂದು ವಾರ ಗೊಣಗಿದಳು.

ಆಮೇಲೆ ನಾನು ಈ ವಿಷಯದ ಬೆನ್ನು ಹತ್ತಿದೆ. ಈಗ ಸಾಗರದ ನಮ್ಮ ಬೀದಿಯಲ್ಲಿ ಯಾರ ಮನೆಯಿಂದ ಪಾರ್ಸೆಲ್ ಹೊರಟರೂ ಡಬ್ಬ ಮೊದಲು ನಮ್ಮ ಜಗಲಿಗೆ ಬರುತ್ತದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಒಳಗೇನಿದೆ?" ಹೆಚ್ಚಿನವರ ಉತ್ತರವೂ ಒಂದೇ: "ಏನಿಲ್ಲ, ಸ್ವಲ್ಪ ತಿಂಡಿ ಸಾಮಾನು." ಎಡವಟ್ಟು ಶುರುವಾಗುವುದೇ ಆ 'ಏನಿಲ್ಲ'ದಿಂದ.

1. ನಿಷೇಧ ಬೇರೆ, ನಿರ್ಬಂಧ ಬೇರೆ.

ಪಟಾಕಿ, ಆಸಿಡ್, ಪೆಟ್ರೋಲು, ಗಾಂಜಾ: ಇವು ನಿಷೇಧ. ಹೇಗೆ ಕಟ್ಟಿದರೂ ಹೋಗುವುದಿಲ್ಲ, ಕೇಳುವುದೂ ಬೇಡ. ಎಣ್ಣೆ, ಗಾಜು, ಔಷಧಿ, ಹರಿತವಾದ ಸಾಮಾನು: ಇವು ನಿರ್ಬಂಧ. ಅಂದರೆ 'ಇಂತಿಂಥ ರೀತಿಯಲ್ಲಿ ಕಟ್ಟಿ, ಇಂತಿಂಥ ಕಾಗದ ಇಟ್ಟರೆ ಹೋಗಬಹುದು' ಎಂದು. ಜನ ಎರಡನ್ನೂ ಒಂದೇ ಮೂಟೆಗೆ ಕಟ್ಟಿ, ಒಂದೋ ಎಲ್ಲಕ್ಕೂ ಹೆದರುತ್ತಾರೆ, ಇಲ್ಲವೇ ಎಲ್ಲವನ್ನೂ ಬಚ್ಚಿಡುತ್ತಾರೆ. 1898ರ ಹಳೆಯ ಅಂಚೆ ಕಾಯ್ದೆ ಚೂರಿ ಕತ್ತಿಗಳನ್ನು ಸಾರಾಸಗಟಾಗಿ ಬೇಡವೆನ್ನಲಿಲ್ಲ, 'ಸರಿಯಾಗಿ ಮುಚ್ಚದ' ಹರಿತ ಉಪಕರಣ ಬೇಡ ಎಂದಿತು. ಆ ಕಾಯ್ದೆ ಹೋಗಿ 2023ರ ಹೊಸದು 2024ರ ಜೂನ್ 18ರಿಂದ ಜಾರಿಯಲ್ಲಿದೆ. ಆದರೆ ಆ 'ಸರಿಯಾಗಿ ಮುಚ್ಚದ' ಎಂಬ ಮಾತಿನ ಹಿಂದಿನ ವಿವೇಕ ಹಳತಾಗಿಲ್ಲ. ಮೂಟೆ ಎತ್ತುವವನ ಅಂಗೈ ಕೊಯ್ಯಬಾರದು, ಅಷ್ಟೆ.

ದ್ರವವೆಂದರೇ ಅಂಚೆಯವರಿಗೆ ಆಗದು ಎನ್ನುವವರಿಗೆ ಒಂದು ಮಾತು: 2016ರಿಂದ ಅಂಚೆ ಇಲಾಖೆಯೇ ಗಂಗಾಜಲದ ಬಾಟಲಿ ಮಾರುತ್ತಿದೆ.

ಇನ್ನೂ ಸೋಜಿಗ ಬೇಕಿದ್ದರೆ, ವಿಶ್ವ ಅಂಚೆ ಒಕ್ಕೂಟದ ನಿಯಮ ಜೀವಂತ ಪ್ರಾಣಿಗಳನ್ನು ಪತ್ರದಂಚೆಯಲ್ಲಿ ಕಳಿಸಬಾರದೆಂದು ಹೇಳಿ, ಪಕ್ಕದಲ್ಲೇ ವಿನಾಯಿತಿ ಕೊಡುತ್ತದೆ. ಯಾರಿಗೆ? ಜೇನುನೊಣ, ಜಿಗಣೆ ಮತ್ತು ರೇಷ್ಮೆಹುಳಕ್ಕೆ. ಮಳೆಗಾಲದ ಮಲೆನಾಡಿನಲ್ಲಿ ಜಿಗಣೆಗೆ ಅಂಚೆಯ ಹಂಗೇ ಬೇಡ, ಅದು ಕಾಲಿಗೆ ಹತ್ತಿಕೊಂಡೇ ಊರು ಸುತ್ತುತ್ತದೆ.

2. ಡಬ್ಬವನ್ನು ವಿಮಾನದ ಕಣ್ಣಿನಿಂದ ನೋಡಿ.

ಸ್ಪೀಡ್ ಪೋಸ್ಟ್ ಎಂದರೆ ಬಸ್ಸೋ ರೈಲೋ ವಿಮಾನವೋ, ಯಾವುದು ಬೇಗವೋ ಅದು. 2025ರಿಂದ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಹಾಗಾಗಿ ಡಬ್ಬ ದಿಲ್ಲಿಗೆ ಹೊರಟರೂ ಹಾರುತ್ತದೆ ಎಂದುಕೊಂಡೇ ಕಟ್ಟಿ. ವಿಮಾನದವರು ಅಪಾಯದ ಸಾಮಾನನ್ನು ಒಂಬತ್ತು ವರ್ಗ ಮಾಡಿದ್ದಾರೆ: ಸ್ಫೋಟಕ, ಅನಿಲ, ಹೊತ್ತಿಕೊಳ್ಳುವ ದ್ರವ, ಹೊತ್ತಿಕೊಳ್ಳುವ ಘನ, ಬೆಂಕಿಗೆ ಆಮ್ಲಜನಕ ಉಣಿಸುವಂಥದ್ದು, ವಿಷ ಮತ್ತು ರೋಗಾಣು, ವಿಕಿರಣ, ಲೋಹ ಚರ್ಮ ತಿನ್ನುವಂಥದ್ದು, ಮತ್ತು ಈ ಯಾವುದಕ್ಕೂ ಸೇರದ ಇತರೆ.

ಕೇಳಲು ಕಾರ್ಖಾನೆಯ ಮಾತು. ಆದರೆ ದೇವರ ಮನೆಯ ಗೂಡಿಗೆ ಕೈ ಹಾಕಿ. ಕರ್ಪೂರ ನಾಲ್ಕನೇ ವರ್ಗ, ಹೊತ್ತಿಕೊಳ್ಳುವ ಘನ; ಬೆಂಕಿಪೊಟ್ಟಣವೂ ಅದೇ. ಅತ್ತರು ಮೂರನೇ ವರ್ಗ. ಕನ್ನಡಿ ಮುಂದಿನ ನೇಲ್ ಪಾಲಿಶ್ ಮೂರು, ಬುಸ್ಸೆನ್ನುವ ಡಿಯೋಡರೆಂಟ್ ಡಬ್ಬಿ ಎರಡು, ಪಾದರಸದ ಥರ್ಮಾಮೀಟರ್ ಎಂಟು. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಮಗಳಿಗೆ ಕಳಿಸುವ 'ಪೂಜಾ ಸಾಮಾನು' ಡಬ್ಬದಲ್ಲಿ ಇವುಗಳಲ್ಲಿ ಮೂರಾದರೂ ಇರುತ್ತವೆ. ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ಬತ್ತಿ ಕಳಿಸಿ. ಕರ್ಪೂರ ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ.

ಎಲ್ಲರೂ ಬೀಳುವ ಗುಂಡಿ ಕೊಬ್ಬರಿ. ತಿಪಟೂರಿನ ಉಂಡೆ ಕೊಬ್ಬರಿಗೆ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಒಂದು ಸಂಖ್ಯೆಯಿದೆ ಎಂದರೆ ನಮ್ಮ ಬೀದಿಯವರು ನಗುತ್ತಾರೆ. ಇದೆ: ಯುಎನ್ 1363. ವರ್ಗ 'ತಾನಾಗಿ ಹೊತ್ತಿಕೊಳ್ಳುವ ವಸ್ತು.' ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಆ ಎಣ್ಣೆ ಗಾಳಿಯೊಂದಿಗೆ ಕೂಡಿ ನಿಧಾನ ಬಿಸಿಯಾಗುತ್ತದೆ. ರಾಶಿ ದೊಡ್ಡದಿದ್ದು ಗಾಳಿಯಾಡದಿದ್ದರೆ ಆ ಬಿಸಿ ಹೊರಗೆ ಹೋಗದೆ ಒಳಗೇ ಏರುತ್ತದೆ. ಸಾಲದ್ದಕ್ಕೆ, ಒಮ್ಮೆ ಹೊತ್ತಿದರೆ ಎಣ್ಣೆಯ ಬೆಂಕಿ. ನಿಮ್ಮ ನಾಲ್ಕು ಗಿಟಕು ಹೊತ್ತಿ ಉರಿಯುತ್ತವೆ ಎಂದಲ್ಲ. ಸ್ಕ್ಯಾನರ್ ಮುಂದೆ ಕೂತವನು ನಾಲ್ಕು, ನಲವತ್ತು ಎಂದು ಎಣಿಸುತ್ತಾ ಕೂರುವುದಿಲ್ಲ. ಕೊಬ್ಬರಿ ತುರಿದು, ಬೆಲ್ಲ ಹಾಕಿ ಮಿಠಾಯಿ ಮಾಡಿ ಕಳಿಸಿ ಎನ್ನುತ್ತೇನೆ.

3. ಪವರ್ ಬ್ಯಾಂಕ್ ಮನೆಯಲ್ಲೇ ಇರಲಿ.

2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಒಂದು ಸರಕು ವಿಮಾನದೊಳಗೆ ಬೆಂಕಿ ಹತ್ತಿ ಅದು ನೆಲಕ್ಕಪ್ಪಳಿಸಿತು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. ಅದರ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳ ದೊಡ್ಡ ರಾಶಿಯಿತ್ತು. 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತೆಯೇ ಇಲ್ಲ.

ಪವರ್ ಬ್ಯಾಂಕ್ ಎಂದರೆ ಹೊರಗೊಂದು ಚಿಪ್ಪು ಹೊದ್ದ ಬಿಡಿ ಬ್ಯಾಟರಿ. '20,000 ಎಂಎಎಚ್' ಎಂದು ಬರೆದಿದ್ದರೆ ಅದನ್ನು 3.7 ವೋಲ್ಟಿನಿಂದ ಗುಣಿಸಿ, 1000ದಿಂದ ಭಾಗಿಸಿ: 74 ವ್ಯಾಟ್ ಅವರ್. ಪ್ರಯಾಣಿಕರು ಕೈಚೀಲದಲ್ಲಿಟ್ಟು ಒಯ್ಯಲು 100 ವ್ಯಾಟ್ ಅವರ್ ತನಕ ಅಡ್ಡಿಯಿಲ್ಲ. ಅಲ್ಲಾದರೆ ಹೊಗೆ ಬಂದರೆ ನೋಡಲು ಮನುಷ್ಯನಿರುತ್ತಾನೆ, ಅಂಚೆ ಚೀಲದೊಳಗೆ ಯಾರಿರುತ್ತಾರೆ? ಉಪಕರಣದೊಳಗೇ ಕೂತ ಸಣ್ಣ ಬ್ಯಾಟರಿಗೆ ವಿಶ್ವ ಅಂಚೆ ನಿಯಮದಲ್ಲಿ ಷರತ್ತಿನ ಮೇಲೆ ದಾರಿಯಿದೆ, ಆದರೆ ಆಯಾ ದೇಶದ ಅಂಚೆ ಒಪ್ಪಿರಬೇಕು. ಅಜ್ಜನ ಕಿವಿಯ ಯಂತ್ರವೋ ಹಳೆ ಮೊಬೈಲೋ ಕಳಿಸುವುದಿದ್ದರೆ ಡಬ್ಬ ಕಟ್ಟುವ ಮೊದಲು ಕೌಂಟರಿನಲ್ಲಿ ಕೇಳಿ.

4. ಬಾಗಿಲು ಮೂರು.

ಹೊರಡುವ ದೇಶದ ಕಾನೂನು, ಒಯ್ಯುವವರ ನಿಯಮ, ತಲುಪುವ ದೇಶದ ಕಾನೂನು. ನಾವು ಮೊದಲ ಬಾಗಿಲು ದಾಟಿದ ಕೂಡಲೇ ಗೆದ್ದೆವು ಎಂದುಕೊಳ್ಳುತ್ತೇವೆ. 'ಪೋಸ್ಟಾಫೀಸಿನವರು ತಗೊಂಡ್ರಲ್ಲ' ಎಂಬುದು ಮೂರನೇ ಬಾಗಿಲಲ್ಲಿ ನಡೆಯುವ ವಾದವಲ್ಲ.

ಕರಿಬೇವಿನ ಕತೆಯನ್ನೇ ತಗೊಳ್ಳಿ. ಕರಿಬೇವು ನಿಂಬೆ, ಕಿತ್ತಳೆಯ ದಾಯಾದಿ. ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ಒಂದು ರೋಗವಿದೆ, ಕಾಯಿ ಹಣ್ಣಾಗದೆ ಹಸಿರಾಗಿಯೇ ಉದುರುತ್ತದೆ. ಅದನ್ನು ಹರಡುವ ಪುಟ್ಟ ಜಿಗಿಹುಳಕ್ಕೆ ಕರಿಬೇವಿನ ಚಿಗುರೆಂದರೆ ಪ್ರಾಣ. ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಈ ರೋಗ 2005ರಿಂದ ತಿನ್ನುತ್ತಾ ಬಂದಿದೆ. ಹಾಗಾಗಿ ಅಲ್ಲಿನ ಕಸ್ಟಮ್ಸ್‌ನವರ ಕಣ್ಣಿಗೆ ಅಮ್ಮನ ಪೊಟ್ಟಣ ಒಗ್ಗರಣೆಯ ಸೊಪ್ಪಲ್ಲ, ತೋಟಕ್ಕೆ ನುಗ್ಗುವ ಕಳ್ಳ. ಇಷ್ಟನ್ನು ವಿವರಿಸಿದ ಮೇಲೆ ಅಮ್ಮ ಒಂದೇ ಮಾತು ಹೇಳಿದಳು: "ನಮ್ಮ ಹಿತ್ತಲ ಗಿಡಕ್ಕೆ ಯಾವ ರೋಗವೂ ಇಲ್ಲ."

ಅಕ್ಕಿಯೂ ಅಮೆರಿಕಕ್ಕೆ ಬೇಡ. ಧಾನ್ಯ ಕೊರೆಯುವ ಖಪ್ರಾ ಎಂಬ ಹುಳದ ಭಯ. ಮಾವಿನಹಣ್ಣು ಬೇಡ. ಭಾರತದ ಮಾವು 2007ರಿಂದ ಅಲ್ಲಿಗೆ ಹೋಗುತ್ತಿರುವುದು ನಿಜ, ಆದರೆ ವಿಕಿರಣ ಹಾಯಿಸಿ, ತಪಾಸಣೆ ಮಾಡಿಸಿ, ವ್ಯಾಪಾರದ ದಾರಿಯಲ್ಲಿ. ಮಲ್ಲಿಗೆ ಗಿಡದ ಕಡ್ಡಿ, ಸೊಪ್ಪಿನ ಬೀಜ ಯಾವ ದೇಶಕ್ಕೂ ಹಾಗೇ ಕಳಿಸಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಬ್ರಿಟನ್ನಿಗೂ ಯುರೋಪಿಗೂ ಇಲ್ಲಿಂದ ಪಾರ್ಸೆಲ್ಲಿನಲ್ಲಿ ಹಾಲಿನ ಪದಾರ್ಥ, ಮಾಂಸ ಹೋಗುವುದಿಲ್ಲ. ಪೇಡೆ, ಕುಂದಾ ಇಲ್ಲೇ ತಿಂದು ಮುಗಿಸಿ.

ಕೊಲ್ಲಿಯಲ್ಲಿ ಮಕ್ಕಳಿರುವವರು ಈ ಒಂದು ಪದ ಗೋಡೆಗೆ ಬರೆದಿಟ್ಟುಕೊಳ್ಳಿ: ಗಸಗಸೆ. ನಮಗದು ಪಾಯಸ. ಯುಎಇಗೆ ಅದು ಅಫೀಮಿನ ಗಿಡದ ಬೀಜ, ನಿಷಿದ್ಧ. ಅಲ್ಲಿ ಪೊಟ್ಟಣ ಕಿತ್ತುಕೊಂಡು ಚೀಟಿ ಇಡುವುದಿಲ್ಲ, ಪೊಟ್ಟಣ ಯಾರ ಹೆಸರಿಗೆ ಬಂದಿದೆಯೋ ಅವರನ್ನು ಕರೆಯುತ್ತಾರೆ. ಮಸಾಲೆ ಪುಡಿಗೆ ಗಸಗಸೆ ಹಾಕುವ ರೂಢಿಯಿದ್ದರೆ ಆ ಪುಡಿಯೂ ಬೇಡ.

5. ಔಷಧಿಗೆ ಚೀಟಿ, ಚೀಟಿಗೆ ಹೆಸರು.

ಮಾತ್ರೆ ಕಂಪನಿಯ ಸ್ಟ್ರಿಪ್ಪಿನಲ್ಲೇ ಇರಲಿ. ಬಿಡಿಸಿ ಡಬ್ಬಿಗೆ ಹಾಕಿದರೆ ಅದು ಏನೆಂದು ಯಾರಿಗೂ ಗೊತ್ತಾಗದು. ಡಾಕ್ಟರ ಚೀಟಿಯ ನಕಲು, ಅಂಗಡಿಯ ಬಿಲ್ಲು ಎರಡೂ ಒಳಗಿರಲಿ. ಚೀಟಿಯಲ್ಲಿನ ಹೆಸರು ಮತ್ತು ಪಾರ್ಸೆಲ್ ಮೇಲಿನ ಹೆಸರು ಒಂದೇ ಆಗಿರಬೇಕು, ಅಪ್ಪನ ಚೀಟಿ ಇಟ್ಟು ಮಗನಿಗೆ ಕಳಿಸಿದರೆ ಆಗದು. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ಇಲ್ಲಿ ಡಾಕ್ಟರು ಬರೆದುಕೊಟ್ಟರೂ ಕೊಲ್ಲಿಯಲ್ಲಿ ಮಾದಕದ್ರವ್ಯದ ಲೆಕ್ಕಕ್ಕೆ ಬರುತ್ತವೆ. ಅಂಥದ್ದನ್ನು ಅಂಚೆಗೆ ಹಾಕುವ ಯೋಚನೆಯನ್ನೇ ಬಿಡಿ.

6. ಮನೆಯಲ್ಲಿ ಮಾಡಿದ್ದಕ್ಕೆ 'ಮನೆಯಲ್ಲಿ ಮಾಡಿದ್ದು' ಎಂದೇ ಬರೆಯಿರಿ.

ಇದು ನನಗೆ ಅತ್ಯಂತ ಇಷ್ಟದ ಸೂತ್ರ. ಅಮೆರಿಕದಲ್ಲಿ 2002ರ ಒಂದು ಕಾನೂನಿನ ಪ್ರಕಾರ ಹೊರದೇಶದಿಂದ ಬರುವ ಆಹಾರದ ಬಗ್ಗೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು. ಅದಕ್ಕೊಂದು ವಿನಾಯಿತಿಯಿದೆ: ಒಬ್ಬ ವ್ಯಕ್ತಿ ತನ್ನ ಮನೆಯಲ್ಲಿ ತಯಾರಿಸಿ, ತಾನೇ ಇನ್ನೊಬ್ಬರಿಗೆ ಉಡುಗೊರೆಯಾಗಿ ಕಳಿಸುವ ತಿನಿಸು. ಬ್ರ್ಯಾಂಡ್ ಮುದ್ರೆ ಇದ್ದರೆ ಗೌರವ ಹೆಚ್ಚು ಎಂದು ನಾವು ಅಂಗಡಿಯ ಉಪ್ಪಿನಕಾಯಿ ಕೊಂಡು ಕಳಿಸುತ್ತೇವೆ. ಆ ನಿಯಮದ ಎದುರು ಅಮ್ಮನ ಭರಣಿಯೇ ದೊಡ್ಡದು. ಹಾಗೆಂದು ಇದು ಕರಿಬೇವು, ಮಾಂಸಗಳ ನಿಯಮವನ್ನು ತೊಡೆದುಹಾಕುವುದಿಲ್ಲ. ಅದು ಬೇರೆ ಇಲಾಖೆ, ಬೇರೆ ಬಾಗಿಲು.

7. ಎಣ್ಣೆ ಸೋರುತ್ತದೆ ಎಂದೇ ನಂಬಿ ಕಟ್ಟಿ.

ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿ ಕಲಿತ ಪಾಠ. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಸುಮಾರು 2400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯುತ್ತದೆ. ಸಾಗರದಲ್ಲಿ ಮುಚ್ಚಿದ ಬಾಟಲಿಯೊಳಗಿನ ಗಾಳಿ ಅಲ್ಲಿ ಕಾಲು ಪಾಲು ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವಿಲ್ಲದೆ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ತಳ್ಳುತ್ತದೆ. ಮುಚ್ಚಳವನ್ನು ಎಷ್ಟು ಬಿಗಿದಿರಿ ಎಂಬುದಕ್ಕಿಂತ ಬಾಟಲಿ ಯಾವುದರೊಳಗೆ ಕೂತಿದೆ ಎಂಬುದು ಮುಖ್ಯ.

ನನ್ನ ಪದ್ಧತಿ ಹೀಗೆ. ಗಾಜು ಬೇಡ, ಅಗಲ ಬಾಯಿಯ ದಪ್ಪ ಪ್ಲಾಸ್ಟಿಕ್ ಜಾಡಿ. ಕಂಠದಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ. ಮಿಡಿ ಹೆಚ್ಚು, ರಸ ಕಡಿಮೆ. ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಎರಡು ಪದರ ಹಾಸಿ, ಮೇಲೆ ಮುಚ್ಚಳ ತಿರುಗಿಸಿ, ಸುತ್ತ ಟೇಪು. ಜಾಡಿಯನ್ನು ಜಿಪ್ ಕವರಿನಲ್ಲಿಟ್ಟು ಗಾಳಿ ಒತ್ತಿ ತೆಗೆದು ಮುಚ್ಚಿ. ಅದರ ಸುತ್ತ ಹಳೆಯ ಹತ್ತಿ ಬಟ್ಟೆ, ಅಮ್ಮನ ಸವೆದ ಸೀರೆಯ ತುಂಡಾದರೆ ಶ್ರೇಷ್ಠ. ಇಡೀ ಜಾಡಿ ಒಡೆದರೂ ಎಣ್ಣೆಯೆಲ್ಲ ಹೀರುವಷ್ಟು ಬಟ್ಟೆ ಬೇಕು. ಹಿಂದೆ ಈ ಕೆಲಸಕ್ಕೆ ಮರದ ಹೊಟ್ಟು ತುಂಬುತ್ತಿದ್ದರು. ಈಗ ಹೊಟ್ಟು, ಹುಲ್ಲು ಕಂಡರೆ ಕಸ್ಟಮ್ಸ್‌ನವರು ಹುಳ ಹುಡುಕಲು ಶುರುಮಾಡುತ್ತಾರೆ. ಬಟ್ಟೆಯ ಉಂಡೆ ಮತ್ತೊಂದು ಕವರಿಗೆ, ಆ ಕವರು ಗಟ್ಟಿ ರಟ್ಟಿನ ಪೆಟ್ಟಿಗೆಗೆ. ಕೊನೆಗೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಆಮೇಲೆ ಒಂದು ರಾತ್ರಿ ತಲೆಕೆಳಗಾಗಿ ಇಡಿ. ಬೆಳಿಗ್ಗೆ ರಟ್ಟಿನ ಮೇಲೆ ನಾಣ್ಯದಷ್ಟು ಎಣ್ಣೆ ಕಲೆ ಕಂಡರೂ ಅದು ಹೊರಡುವುದಿಲ್ಲ.

ನಿಮ್ಮ ಎಣ್ಣೆ ನಿಮ್ಮ ಸಾಮಾನನ್ನಷ್ಟೇ ಕೆಡಿಸಿದರೆ ಅದು ನಿಮ್ಮ ಕರ್ಮ. ಅದೇ ಚೀಲದಲ್ಲಿ ಯಾರದ್ದೋ ಮದುವೆ ಸೀರೆ ಇರುತ್ತದೆ.

8. ಈಳಿಗೆ ಮಣೆ ಕೇಳುವ ಹೆಣ್ಣುಮಕ್ಕಳಿಗೆ ಬೈಯಬೇಡಿ.

ಕಳಿಸಬಹುದು. ಅಲಗಿಗೆ ರಟ್ಟಿನ ಒರೆ, ಅದರ ಮೇಲೆ ಬಟ್ಟೆ, ಮೇಲೆ ಮತ್ತೊಂದು ರಟ್ಟು, ಅಲಗು ಅಲುಗದಂತೆ ಗೋಣಿ ದಾರದ ಕಟ್ಟು. ಫಾರಂನಲ್ಲಿ 'ತರಕಾರಿ ಹೆಚ್ಚುವ ಅಡುಗೆಮನೆ ಸಾಧನ' ಎಂದು ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಬರೆಯಿರಿ. ಸ್ಕ್ಯಾನರಿನಲ್ಲಿ ಅದು ಕಾಣುವ ರೀತಿ ನೋಡಿದರೆ ಯಾರಾದರೂ ಬೆಚ್ಚಬೇಕು.

9. ಫಾರಂನಲ್ಲಿ 'ಗಿಫ್ಟ್' ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ವಿದೇಶಕ್ಕೆ ಹೋಗುವ ಪಾರ್ಸೆಲ್ಲಿಗೆ ಸಿಎನ್ 22 ಅಥವಾ ಸಿಎನ್ 23 ಎಂಬ ಕಸ್ಟಮ್ಸ್ ಫಾರಂ ಇರುತ್ತದೆ. ಅದರ ವಿವರ ಈಗ ಕಂಪ್ಯೂಟರಿನ ಮೂಲಕ ನಿಮ್ಮ ಡಬ್ಬಕ್ಕಿಂತ ಮುಂಚೆಯೇ ಆ ದೇಶ ತಲುಪುತ್ತದೆ. ಗಿಫ್ಟ್ ಎಂಬುದು ಕಾರಣ, ವಸ್ತುವಲ್ಲ. 'ಆಹಾರ ಪದಾರ್ಥ' ಎಂದರೂ ಏನೂ ಹೇಳಿದಂತಾಗಲಿಲ್ಲ. ಹೀಗೆ ಬರೆಯಿರಿ: ಮಾವಿನ ಉಪ್ಪಿನಕಾಯಿ, ಮನೆಯಲ್ಲಿ ಮಾಡಿದ್ದು, 1 ಜಾಡಿ, 500 ಗ್ರಾಂ, 300 ರೂಪಾಯಿ; ಉದ್ದಿನ ಹಪ್ಪಳ, 2 ಕಟ್ಟು, 400 ಗ್ರಾಂ, 200 ರೂಪಾಯಿ; ಹತ್ತಿ ಸೀರೆ, 1, ಹೊಸದು, 1,200 ರೂಪಾಯಿ. ನಮ್ಮಲ್ಲಿ ಪ್ರೀತಿಯಿಂದ ಕೊಟ್ಟದ್ದಕ್ಕೆ ಬೆಲೆ ಕಟ್ಟಬಾರದು ಎಂಬ ಸಂಕೋಚ. ಸೊನ್ನೆ ಬರೆದರೆ ಅವರೇ ಒಂದು ಬೆಲೆ ಕಟ್ಟುತ್ತಾರೆ, ಅದು ನಿಮಗೆ ಹಿಡಿಸುವುದಿಲ್ಲ. ತಲುಪದಿದ್ದರೆ 'ವಾಪಸು ಕಳಿಸಿ' ಎನ್ನುವ ಚೌಕವೋ 'ಬಿಟ್ಟುಬಿಡಿ' ಎನ್ನುವ ಚೌಕವೋ, ಒಂದಕ್ಕೆ ಗುರುತು ಹಾಕಿ. ಹಪ್ಪಳಕ್ಕೆ ಬಿಟ್ಟುಬಿಡಿ, ಸೀರೆಗೆ ವಾಪಸು. ಎರಡೂ ಒಂದೇ ಡಬ್ಬದಲ್ಲಿದ್ದರೆ ಸೀರೆಯ ಮಾತು ನಡೆಯಲಿ.

10. ನೋಟು, ನಾಣ್ಯ, ಚಿನ್ನ: ಲಕೋಟೆಯಲ್ಲಿ ಇಡಬೇಡಿ.

ರಾಖಿಯ ಜೊತೆ ಮಡಚಿದ ಐನೂರರ ನೋಟೂ ಸೇರಿ. ದೇಶದೊಳಗಿನ ಅಂಚೆಯಲ್ಲೂ ಹಣಕ್ಕೆ, ಬಂಗಾರಕ್ಕೆ ವಿಮೆ ಮಾಡಿಸಲೇಬೇಕು. ಮೊಬೈಲಿನಲ್ಲಿ ಹಣ ಹಾಕಿ, ಲಕೋಟೆಗೆ ರಾಖಿ ಮಾತ್ರ ಹಾಕಿ.

11. ಅಟ್ಟದ ಸಾಮಾನು ಇಳಿಸುವ ಮುನ್ನ ವಯಸ್ಸು ಕೇಳಿ.

ಮುತ್ತಜ್ಜನ ಕಾಲದ ಕಂಚಿನ ಗಣಪತಿ ನಿಮ್ಮದೇ ಇರಬಹುದು, ದೇಶ ಬಿಟ್ಟು ಕಳಿಸುವ ಹಕ್ಕು ನಿಮ್ಮದಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕುಸುರಿ ಪುರಾತನ ವಸ್ತು. ಹಸ್ತಪ್ರತಿಗಾದರೆ ಎಪ್ಪತ್ತೈದೇ ವರ್ಷ ಸಾಕು. ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. ತಾಳೆಗರಿಯ ಕಟ್ಟಿದ್ದರೆ ಫೋಟೋ ಕಳಿಸಿ, ಕಟ್ಟು ಇಲ್ಲಿರಲಿ. ಹೊಸ ವಿಗ್ರಹವಾದರೆ ಅಂಗಡಿಯ ರಸೀದಿ ಒಳಗಿಡಿ, ಇಲ್ಲದಿದ್ದರೆ ಹೊಸದೆಂದು ನಂಬಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಮಗುವಿನ ಕೃಷ್ಣ ವೇಷಕ್ಕೆಂದು ನವಿಲುಗರಿ ಕೇಳಿದರೂ ಇಲ್ಲ ಎನ್ನಿ: ನಮ್ಮ ದೇಶದಿಂದ ಅದರ ರಫ್ತು ನಿಷಿದ್ಧ. ರಟ್ಟಿನಲ್ಲಿ ಬಣ್ಣ ಹಚ್ಚಿ ಮಾಡಿಕೊಟ್ಟೆವು, ವೇಷಕ್ಕೆ ಬಹುಮಾನವೂ ಬಂತು.

12. ಹೋದ ವರ್ಷದ ಜ್ಞಾನ ಹೋದ ವರ್ಷಕ್ಕೇ.

2025ರ ಆಗಸ್ಟಿನಲ್ಲಿ ಅಮೆರಿಕ 800 ಡಾಲರ್ ತನಕದ ಸಾಮಾನಿಗೆ ಇದ್ದ ಸುಂಕದ ವಿನಾಯಿತಿ ತೆಗೆದಾಗ, ಆಗಸ್ಟ್ 25ರಿಂದ ಭಾರತೀಯ ಅಂಚೆ ಅಲ್ಲಿಗೆ ಹೆಚ್ಚಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಗಣೇಶನ ಹಬ್ಬದ ಚಕ್ಕುಲಿ ನಮ್ಮ ಜಗಲಿಯಲ್ಲೇ ಉಳಿಯಿತು. ಅಕ್ಟೋಬರ್ ಮಧ್ಯದಲ್ಲಿ ಸೇವೆ ಮತ್ತೆ ಶುರುವಾಯಿತು, ಸುಂಕವನ್ನು ಇಲ್ಲೇ ಮುಂಗಡ ಕಟ್ಟುವ ಪದ್ಧತಿಯೊಂದಿಗೆ. ಹಾಗಾಗಿ ಡಬ್ಬ ಹೊತ್ತು ಹೋಗುವ ಹಿಂದಿನ ದಿನ ಖಾಲಿ ಕೈಯಲ್ಲಿ ಒಮ್ಮೆ ಕೌಂಟರಿಗೆ ಹೋಗಿ ಬನ್ನಿ. ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಸಾಲು ಇರುವುದಿಲ್ಲ, ಒಳಗಿದ್ದವರಿಗೂ ಮಾತಾಡುವ ವ್ಯವಧಾನ ಇರುತ್ತದೆ. ಪೆಟ್ಟಿಗೆಯನ್ನು ಅಲ್ಲೇ ತೆರೆದು ತೋರಿಸಿ, ಅಲ್ಲೇ ಮುಚ್ಚಿ. ಟೇಪು, ಕತ್ತರಿ ನಿಮ್ಮ ಚೀಲದಲ್ಲಿರಲಿ.

ಮುಚ್ಚುವ ಮೊದಲು ಒಳಗಿನದೆಲ್ಲ ಕಾಣುವಂತೆ ಒಂದು ಫೋಟೋ ತೆಗೆದಿಡಿ, ರಸೀದಿಯದ್ದೊಂದು. ಮನೆಯಲ್ಲೇ ಮುಚ್ಚುವುದಾದರೆ ಫೋಟೋ ತೆಗೆದ ಮೇಲೆ ಟೇಪು ಬೀಳುವ ತನಕ ಡಬ್ಬದ ಬಳಿಯಿಂದ ಏಳಬೇಡಿ. ಹೋದ ಸಲ ನಾನು ಕತ್ತರಿ ಹುಡುಕಲು ಒಳಗೆ ಹೋಗಿ ಬಂದದ್ದು ಎರಡೇ ನಿಮಿಷ. ಅಮ್ಮ ಏನೂ ಆಗದವಳಂತೆ ಹಪ್ಪಳದ ಕಟ್ಟು ಸರಿಮಾಡುತ್ತಿದ್ದಳು. ಎತ್ತಿ ನೋಡಿದರೆ ಅಡಿಯಲ್ಲಿ ಪೇಪರಿನ ಒಂದು ಪೊಟ್ಟಣ. ಬಿಚ್ಚುವುದೇ ಬೇಕಾಗಲಿಲ್ಲ, ವಾಸನೆಯೇ ಸಾಕಿತ್ತು.